ಸಿಂದಗಿಯ ವೆಂಕಟೇಶನು ಸ್ವಾಮಿ ರಾಮಾನಂದ ತೀರ್ಥರಾದ ಬಗೆ

ಪ್ರತಿ ವರ್ಷ ನವೆಂಬರ್ ೧ರಂದು ನಮ್ಮ ಸಂಘದ ಅಂಗಳದಲ್ಲಿ ಭುವನೇಶ್ವರಿಯ ಚಿತ್ರಕ್ಕೆ ಹೂಮಾಲೆ ಹಾಕಿ, ನಾಡಗೀತೆ ಹಾಡಿ, ಭಾಷಣ ಕೇಳಿ, ಉಪ್ಪಿಟ್ಟು ಶಿರಾ ತಿಂದು ಮನೆಗೆ ಹಿಂದಿರುಗುತ್ತೇವೆ. ಬೆಂಗಳೂರಿನವರಿಗೂ ಧಾರವಾಡದವರಿಗೂ ಈ ದಿನವು ಕೂಡಿದ ದಿನ. ಆದರೆ ಹೈದರಾಬಾದಿನಲ್ಲಿದ್ದ ನಮ್ಮ ಹಿರಿಯರಿಗೆ ಅದು ಕೂಡಿದ ದಿನವೂ ಹೌದು, ಅಗಲಿದ ದಿನವೂ ಹೌದು. ೧೯೫೬ರ ಆ ದಿನ ಗುಲಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಿಂದಿನ ದಿನದವರೆಗೆ ತಮ್ಮ ರಾಜಧಾನಿಯಾಗಿದ್ದ ಊರು ಮರುದಿನ ಪರರಾಜ್ಯದ ರಾಜಧಾನಿಯಾಯಿತು. ಸರಕಾರಿ ನೌಕರಿಯಲ್ಲಿದ್ದ ಎಷ್ಟೋ ಜನ ಟ್ರಂಕು ಹಾಸಿಗೆ ಕಟ್ಟಿಕೊಂಡು ಬೆಂಗಳೂರಿನ ರೈಲು ಹತ್ತಿದರು. ಎಷ್ಟೋ ಜನ ಇಲ್ಲಿಯೇ ಉಳಿದರು. ನಮ್ಮ ಸಂಘದಲ್ಲಿ ಹಾಗೆ ಉಳಿದವರ ಮೊಮ್ಮಕ್ಕಳೂ ಇದ್ದಾರೆ, ಉದ್ಯೋಗಕ್ಕಾಗಿ ಆಮೇಲೆ ಬಂದ ನಮ್ಮಂಥವರೂ ಇದ್ದಾರೆ.

ಹೀಗೆ ಹೈದರಾಬಾದ ಸಂಸ್ಥಾನವು ಮೂರು ಭಾಗವಾಗಿ, ಕನ್ನಡದ ಭಾಗವು ಕನ್ನಡ ನಾಡಿಗೆ ಸೇರಬೇಕೆಂದು ಹಟ ಹಿಡಿದವರಲ್ಲಿ ಮುಂದಾಳಾದ ಮಹನೀಯರೊಬ್ಬರ ಸಮಾಧಿ ನಮ್ಮ ಊರಿನ ಬೇಗಂಪೇಟೆಯಲ್ಲಿಯೇ ಇದೆ. ಅವರೇ ಸ್ವಾಮಿ ರಾಮಾನಂದ ತೀರ್ಥರು. ನಾವು ಏಳು ವರ್ಷ ಬೇಗಂಪೇಟೆಯ ಮೇಲೆಯೇ ಬ್ಯಾಂಕಿಗೆ ಹೋಗಿ ಬಂದಿದ್ದೇವೆ. ಒಮ್ಮೆಯೂ ಅತ್ತ ಹೊರಳಲಿಲ್ಲ. ಹೆಸರು ಕೇಳಿದ್ದೆವು, ಯಾವುದೋ ಮಠದ ಸ್ವಾಮಿಗಳಿರಬೇಕೆಂದು ತಿಳಿದಿದ್ದೆವು. ಇದನ್ನು ಹೇಳಿಕೊಳ್ಳಲು ನಾಚಿಕೆಯೆನಿಸುತ್ತದೆ.

ಈ ಲೇಖನ ಬರೆಯಲು ಕಾರಣವಾದವನು ನಮ್ಮ ಸಂಘದ ಸದಸ್ಯರೊಬ್ಬರ ಮಗ. ಹದಿನೇಳು ವರ್ಷದ ಹುಡುಗ. ಕಳೆದ ವರ್ಷ ತರುಣರ ಗೋಷ್ಠಿಯೊಂದನ್ನು ಇಟ್ಟುಕೊಂಡಿದ್ದೆವು. ಆಗ ಅವನು ಎದ್ದು ನಿಂತು, ತಾನು ಯಾರೆಂದು ಕೇಳಿದ. ಹುಟ್ಟಿದ್ದು ಈ ಊರಿನಲ್ಲಿ; ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಗೆಳೆಯರೊಡನೆ ಹಿಂದಿ, ತರಗತಿಯಲ್ಲಿ ಇಂಗ್ಲಿಷು. ಊರಿಗೆ ಹೋದರೆ ಅಲ್ಲಿಯವರು ಹೈದರಾಬಾದಿನವನೆನ್ನುತ್ತಾರೆ, ಇಲ್ಲಿಯವರು ಕರ್ನಾಟಕದವನೆನ್ನುತ್ತಾರೆ. ಇದರ ಮೇಲೆ ಮುಂದೆ ಏನಾಗುವೆಯೆಂದು ಎಲ್ಲರೂ ಕೇಳುತ್ತಾರೆ. ಯಾರೆಂಬುದೇ ತಿಳಿಯದವನು ಏನಾಗುವೆನೆಂದು ಹೇಗೆ ಹೇಳಲಿ ಎಂಬುದು ಅವನ ಪ್ರಶ್ನೆ. ವೇದಿಕೆಯ ಮೇಲಿದ್ದ ನಾವು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೋ ಕನ್ನಡದ ಅಭಿಮಾನದ ಮೇಲೆ ನಾಲ್ಕು ಮಾತು ಹೇಳಿದರು. ಹುಡುಗ ಕುಳಿತುಕೊಂಡ, ಆದರೆ ಅವನಿಗೆ ಉತ್ತರ ಸಿಕ್ಕಿರಲಿಲ್ಲ. ನಮಗೂ ಸಿಕ್ಕಿರಲಿಲ್ಲ. ನಾವು ಇಪ್ಪತ್ತನೆಯ ವಯಸ್ಸಿನಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆಗೆ ಕುಳಿತು, ನೌಕರಿಗೆ ಸೇರಿದವರು. ಮನೆಯ ಪರಿಸ್ಥಿತಿ ಹಾಗಿತ್ತು. ಆ ಹುಡುಗನ ಪ್ರಶ್ನೆಯನ್ನು ನಾವು ಆ ವಯಸ್ಸಿನಲ್ಲಿ ಕೇಳಿಕೊಂಡಿರಲೇ ಇಲ್ಲ.

ಆ ಬಳಿಕ ರಾಮಾನಂದ ತೀರ್ಥರ ಚರಿತ್ರೆಯನ್ನು ಓದಿದಾಗ, ಈ ಪ್ರಶ್ನೆಯನ್ನು ಅವರು ತಮ್ಮ ಜೀವನದ ಹತ್ತೊಂಬತ್ತು ವರ್ಷ ಹೊತ್ತು ತಿರುಗಿದ್ದರೆಂದು ನಮಗೆ ತೋರಿತು. ಆದುದರಿಂದ ಅವರ ಹೋರಾಟದ ಕಥೆಗಿಂತ, ಹೋರಾಟಕ್ಕೆ ಬರುವ ಮುನ್ನಿನ ಕಥೆಯನ್ನು ಇಲ್ಲಿ ಹೆಚ್ಚಾಗಿ ಹೇಳುತ್ತೇವೆ. ಜೈಲಿನಿಂದ ಮುಂದಿನದು ಪುಸ್ತಕಗಳಲ್ಲಿದೆ. ಅವರೇ ಬರೆದ ಹೈದರಾಬಾದ ಸ್ವಾತಂತ್ರ್ಯ ಹೋರಾಟದ ನೆನಪುಗಳೂ ಇವೆ.

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. ೧೯೦೩ನೆಯ ಅಕ್ಟೋಬರ್ ೩ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನಿಸಿದರು. ಸಿಂದಗಿಯು ಆಗ ಮುಂಬಯಿ ಇಲಾಖೆಯಲ್ಲಿದ್ದಿತು. ಅಲ್ಲಿಂದ ಪೂರ್ವಕ್ಕೆ ಕೆಲವು ಹರದಾರಿ ನಡೆದು ಭೀಮೆಯನ್ನು ದಾಟಿದರೆ ನಿಜಾಮರ ಸಂಸ್ಥಾನ. ಹೊಳೆಯ ಈ ದಡದಲ್ಲಿ ಇಂಗ್ಲಿಷರ ಕಾನೂನು, ಆ ದಡದಲ್ಲಿ ನಿಜಾಮರ ಫರ್ಮಾನು. ಎರಡು ದಡಗಳಲ್ಲಿಯೂ ಅದೇ ಜೋಳದ ಹೊಲ, ಅದೇ ಕನ್ನಡ. ಹುಡುಗನ ಹೆಸರಿನ ಕೊನೆಯಲ್ಲಿ ಮರಾಠಿಯ ‘ಕರ’ ಇದ್ದುದರಿಂದ ಅವರು ಕನ್ನಡಿಗರೋ ಮರಾಠಿಗರೋ ಎಂದು ಇಂದಿಗೂ ಚರ್ಚಿಸುವವರಿದ್ದಾರೆ. ನಾವು ಆ ಚರ್ಚೆಗೆ ಹೋಗುವುದಿಲ್ಲ. ವಿಜಾಪುರ, ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯವರಿಗೆ ಇದರ ಮರ್ಮ ತಿಳಿದಿದೆ: ಅಡಿಗೆಮನೆಯಲ್ಲಿ ಒಂದು ಭಾಷೆ, ಪಡಸಾಲೆಯಲ್ಲಿ ಇನ್ನೊಂದು, ಅಂಗಡಿಯಲ್ಲಿ ಮೂರನೆಯದು. ನಮ್ಮ ಅಜ್ಜನವರೇ ಸಹಿಯನ್ನು ಉರ್ದುವಿನಲ್ಲಿ ಹಾಕಿ, ಸಂಜೆ ದೀಪ ಹಚ್ಚಿದ ಮೇಲೆ ಕನ್ನಡದ ಪುರಾಣ ಓದುತ್ತಿದ್ದರು. ಯಾರಾದರೂ ಅವರನ್ನು ನೀವು ಯಾರೆಂದು ಕೇಳಿದ್ದರೆ, ಊರಿನ ಹೆಸರು ಹೇಳಿ ಸುಮ್ಮನಾಗುತ್ತಿದ್ದರು.

ವೆಂಕಟೇಶನು ಹೈಸ್ಕೂಲಿಗಾಗಿ ಸೊಲ್ಲಾಪುರಕ್ಕೆ ಬಂದನು. ಆ ಕಾಲದ ಸೊಲ್ಲಾಪುರವೆಂದರೆ ಬಟ್ಟೆ ಗಿರಣಿಗಳ ಊರು. ಬೆಳಗಿನ ಭೋಂಗಾ ಕೂಗಿದೊಡನೆ ಕನ್ನಡ, ಮರಾಠಿ, ತೆಲುಗು ಮಾತನಾಡುವ ಸಾವಿರಾರು ಕೂಲಿಕಾರರು ಒಂದೇ ಬಾಗಿಲಿನಿಂದ ಒಳಹೋಗುತ್ತಿದ್ದರು. ಲೋಕಮಾನ್ಯ ತಿಲಕರ ಹೆಸರು ಆ ಪ್ರಾಂತದ ಪ್ರತಿ ಮನೆಯಲ್ಲಿದ್ದಿತು. ೧೯೨೦ರ ಆಗಸ್ಟ್ ೧ರಂದು ತಿಲಕರು ಮುಂಬಯಿಯಲ್ಲಿ ತೀರಿಕೊಂಡರು. ಆ ಸುದ್ದಿ ಕೇಳಿದ ವೆಂಕಟೇಶನು, ತಾನು ಆಜನ್ಮ ಬ್ರಹ್ಮಚಾರಿಯಾಗಿದ್ದು ದೇಶಸೇವೆಯಲ್ಲಿಯೇ ಬಾಳನ್ನು ಕಳೆಯುವೆನೆಂದು ಪ್ರತಿಜ್ಞೆ ಮಾಡಿದನು. ಆಗ ಅವನಿಗೆ ಹದಿನೇಳು ತುಂಬಲು ಇನ್ನೂ ಎರಡು ತಿಂಗಳು ಬಾಕಿ.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಸಾಮಾನ್ಯವಾಗಿ ಮಹಾಪುರುಷರ ಚರಿತ್ರೆ ಬರೆಯುವವರು ಇಂಥ ಪ್ರತಿಜ್ಞೆಯ ಸ್ಥಳಕ್ಕೆ ಬಂದಾಗ ಲೇಖನಿಗೆ ರೆಕ್ಕೆ ಕಟ್ಟುತ್ತಾರೆ. ನಾವು ತಂದೆಯ ದೃಷ್ಟಿಯಿಂದ ನೋಡುತ್ತೇವೆ. ನಮ್ಮ ಮನೆಯ ಹುಡುಗನೊಬ್ಬನು ಹದಿನಾರನೆಯ ವಯಸ್ಸಿನಲ್ಲಿ ಬಂದು ಹೀಗೆ ಹೇಳಿದ್ದರೆ, ಮೊದಲು ಊಟ ಮಾಡು ಎನ್ನುತ್ತಿದ್ದೆವು. ಅಂದು ನಾಡಿನಲ್ಲಿ ಎಷ್ಟು ಹುಡುಗರು ಕಣ್ಣೀರು ಸುರಿಸಿ ಎಷ್ಟು ಪ್ರತಿಜ್ಞೆಗಳನ್ನು ಮಾಡಿದರೋ, ಅವುಗಳಲ್ಲಿ ಎಷ್ಟು ಮುಂದಿನ ಮದುವೆಯ ಮುಹೂರ್ತದವರೆಗೆ ಉಳಿದವೋ ದೇವರೇ ಬಲ್ಲ. ಪ್ರತಿಜ್ಞೆಯು ಸುಲಭ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಆ ಪ್ರತಿಜ್ಞೆಯು ತಾನು ಏನು ಮಾಡುವುದಿಲ್ಲವೆಂಬುದನ್ನು ಮಾತ್ರ ಹೇಳಿತು. ಮದುವೆಯಾಗುವುದಿಲ್ಲ, ಹಣಕ್ಕಾಗಿ ದುಡಿಯುವುದಿಲ್ಲ, ಇಷ್ಟು ನಿಶ್ಚಯವಾಯಿತು. ಆದರೆ ಏನು ಮಾಡಬೇಕು, ಎಲ್ಲಿ ಮಾಡಬೇಕು, ಯಾರ ಜೊತೆಗೆ ಮಾಡಬೇಕು? ಇವಕ್ಕೆ ಉತ್ತರ ಅವನಿಗೆ ತಿಳಿದಿರಲಿಲ್ಲ. ದೇಶವೆಂಬ ಮಾತು ಬಹು ದೊಡ್ಡದು. ಬೆಳಗ್ಗೆ ಎದ್ದು ಅದರ ಯಾವ ತುದಿ ಹಿಡಿಯಬೇಕೆಂಬುದೇ ತರುಣನ ಕಷ್ಟ.

ಅಷ್ಟರಲ್ಲಿ ಗಾಂಧೀಜಿಯವರ ಅಸಹಕಾರದ ಕರೆ ಬಂದಿತು. ಸರಕಾರದ ಶಾಲೆಗಳನ್ನು ಬಿಡಬೇಕೆಂಬುದು ಅದರ ಒಂದು ಅಂಗ. ವೆಂಕಟೇಶನು ಶಾಲೆ ಬಿಟ್ಟನು. ಆದರೆ ಓದನ್ನು ಬಿಡಲಿಲ್ಲ. ರಾಷ್ಟ್ರೀಯ ಶಿಕ್ಷಣದ ಸಂಸ್ಥೆಗಳಲ್ಲಿ ಮುಂದುವರಿಸಿ, ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಿಂದ ಪದವಿ ಪಡೆದನು. ಆ ವಿದ್ಯಾಪೀಠವು ಹುಟ್ಟಿದ್ದೇ ೧೯೨೧ರಲ್ಲಿ, ಶಾಲೆ ಬಿಟ್ಟ ಇಂಥ ಹುಡುಗರಿಗಾಗಿ. ಅದರ ಪದವಿಗೆ ಸರಕಾರದ ಕಚೇರಿಗಳಲ್ಲಿ ಬೆಲೆಯಿರಲಿಲ್ಲ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಯಾವ ಬ್ಯಾಂಕಿನಲ್ಲಿಯೂ ನಗದಾಗದ ಚೆಕ್ಕು ಅದು. ಅದನ್ನು ತಿಳಿದೇ ಅವನು ವರ್ಷಗಟ್ಟಲೆ ಓದಿದನು. ಶಾಲೆ ಬಿಡುವುದು ಒಂದು ದಿನದ ಸಾಹಸ. ಬೆಲೆಯಿಲ್ಲದ ಪದವಿಗೆ ದಿನವೂ ಕುಳಿತು ಓದುವುದು ಬೇರೆ ತರದ ಗಟ್ಟಿತನವೆಂದು ನಮ್ಮ ಅಭಿಪ್ರಾಯ.

ವಿದ್ಯಾಭ್ಯಾಸದ ತರುವಾಯ ಕೆಲಕಾಲ ಎನ್. ಎಂ. ಜೋಶಿಯವರ ಬಳಿ ಕೆಲಸ ಮಾಡಿದರು. (ಇಲ್ಲಿಂದ ನಾವೂ ಬಹುವಚನಕ್ಕೆ ಬರಬೇಕು, ವಯಸ್ಸು ಇಪ್ಪತ್ತು ದಾಟಿತು.) ಜೋಶಿಯವರು ೧೯೨೦ರಲ್ಲಿ ಅಖಿಲ ಭಾರತ ಕಾರ್ಮಿಕ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರು; ದಿಲ್ಲಿಯ ಶಾಸನಸಭೆಯಲ್ಲಿ ಕೂಲಿಕಾರರ ಪ್ರತಿನಿಧಿ. ಅವರ ಜೊತೆಗೆ ಮುಂಬಯಿ ದಿಲ್ಲಿಗಳನ್ನು ಕಂಡರು, ಗಿರಣಿ ಕೂಲಿಗಳ ಕಷ್ಟವನ್ನು ಅಂಕಿಗಳಲ್ಲಿಯೂ ಕಣ್ಣಾರೆಯೂ ಕಂಡರು. ಸೊಲ್ಲಾಪುರದ ಹುಡುಗನಿಗೆ ಇದು ಹೊಸದಲ್ಲ. ಇಂಥ ಸ್ಥಳದಲ್ಲಿಯೇ ಉಳಿದಿದ್ದರೆ ದೇಶದ ಕಾರ್ಮಿಕ ಧುರೀಣರಲ್ಲಿ ಒಬ್ಬರಾಗುತ್ತಿದ್ದರೋ ಏನೋ. ಉಳಿಯಲಿಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ೧೯೨೯ರಲ್ಲಿ, ರಾಜಧಾನಿಗಳನ್ನು ಬಿಟ್ಟು, ನಿಜಾಮರ ಸಂಸ್ಥಾನದ ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದರು.

ಆ ಜಿಲ್ಲೆಗೆ ಈಗ ಧಾರಾಶಿವವೆಂದು ಹೆಸರು. ಹಿಪ್ಪರಗಾ ನಮ್ಮ ಬಸವಕಲ್ಯಾಣದಿಂದ ಬಹುದೂರವಿಲ್ಲ. ದಿಲ್ಲಿಯಿಂದ ಹಿಪ್ಪರಗಾಕ್ಕೆ! ಬಡ್ತಿ ಬಿಟ್ಟು ಹಳ್ಳಿಯ ಶಾಖೆಗೆ ವರ್ಗ ಕೇಳಿ ಪಡೆದಂತೆ. ನಮ್ಮ ಉದ್ಯೋಗದಲ್ಲಿ ಹೀಗೆ ಮಾಡಿದವನನ್ನು ಜನ ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಮೇಲಾಗಿ ಅವರು ಬ್ರಿಟಿಷ್ ಪ್ರಾಂತದವರು. ಸಂಸ್ಥಾನದ ಲೆಕ್ಕದಲ್ಲಿ ಹೊರಗಿನವರು, ಗೈರ್‌ಮುಲ್ಕಿ. ಹೈದರಾಬಾದಿನಲ್ಲಿ ಈ ಮುಲ್ಕಿ, ಗೈರ್‌ಮುಲ್ಕಿ ಶಬ್ದಗಳು ಎಷ್ಟು ಹಳೆಯವು, ಎಷ್ಟು ಸಲ ಮರಳಿ ಮರಳಿ ಎದ್ದಿವೆ ಎಂಬುದು ಇಲ್ಲಿಯ ವಾಚಕರಿಗೆ ಹೇಳಬೇಕಾಗಿಲ್ಲ. ಹಾಗೆ ನೋಡಿದರೆ ಸ್ವಾಮೀಜಿಯವರು ನಮ್ಮ ಹಾಗೆಯೇ ವಲಸೆ ಬಂದವರು.

ಹಿಪ್ಪರಗಾದಲ್ಲಿದ್ದಾಗ, ೧೯೩೦ರ ದಶಕದ ಆರಂಭದಲ್ಲಿ ಸಂನ್ಯಾಸ ಸ್ವೀಕರಿಸಿದರು. ಲಾಹೋರಿನ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು, ಅದನ್ನು ತೊರೆದು ಸಂನ್ಯಾಸಿಯಾಗಿ, ಜಪಾನ್ ಅಮೆರಿಕಗಳಲ್ಲಿ ವೇದಾಂತ ಬೋಧಿಸಿ, ೧೯೦೬ರಲ್ಲಿ ಗಂಗೆಯಲ್ಲಿ ದೇಹಬಿಟ್ಟ ಸ್ವಾಮಿ ರಾಮತೀರ್ಥರ ವಿಚಾರಗಳಿಗೆ ಅವರು ಮನಸೋತಿದ್ದರು. ಆ ಪರಂಪರೆಯಲ್ಲಿಯೇ ದೀಕ್ಷೆ ಪಡೆದು ರಾಮಾನಂದ ತೀರ್ಥರೆಂಬ ಹೆಸರು ತಾಳಿದರು. ವೆಂಕಟೇಶ ಖೇಡಗೀಕರ ಎಂಬ ಹೆಸರಿನ ಖಾತೆ ಅಲ್ಲಿಗೆ ಮುಗಿಯಿತು. ನಮ್ಮ ಕೌಂಟರಿಗೆ ಹೆಸರು ಬದಲಿಸಲು ಬರುವವರಿಂದ ಗೆಜೆಟ್ಟಿನ ಪ್ರತಿ, ಪ್ರಮಾಣಪತ್ರ, ಹೊಸ ಸಹಿಯ ಮಾದರಿ ಇಷ್ಟನ್ನೂ ಕೇಳುತ್ತೇವೆ. ಆದರೂ ಹಳೆಯ ಸಾಲ ಹೊಸ ಹೆಸರಿಗೆ ಹಾಗೆಯೇ ಮುಂದುವರಿಯುತ್ತದೆ. ಸಂನ್ಯಾಸದ ಶಾಸ್ತ್ರದಲ್ಲಿ ಹಳೆಯದೆಲ್ಲ ಸುಟ್ಟುಹೋಗುತ್ತದೆ. ಜನ್ಮದ ಊರು, ಕುಲ, ಮನೆಮಾತಿನ ಜಗಳ ಯಾವುದೂ ಉಳಿಯುವುದಿಲ್ಲ. ಅವರ ವಿಷಯದಲ್ಲಿ ಒಂದೇ ಸಾಲ ಉಳಿಯಿತು, ಹದಿನಾರರ ವಯಸ್ಸಿನಲ್ಲಿ ಆಡಿದ ಮಾತಿನದು. ಸಂನ್ಯಾಸಿಗಳು ಊರಿನಿಂದ ಕಾಡಿಗೆ ಹೋಗುವುದು ವಾಡಿಕೆ. ಇವರು ಕಾವಿಯುಟ್ಟು ಶಾಲೆಯ ಹಲಗೆಯ ಮುಂದೆಯೇ ನಿಂತರು.

೧೯೩೫ರ ಹೊತ್ತಿಗೆ ಮೋಮಿನಾಬಾದಿಗೆ, ಅಂದರೆ ಅಂಬೆಜೋಗಾಯಿಗೆ, ಬಂದು ಅಲ್ಲಿಯ ಯೋಗೇಶ್ವರಿ ವಿದ್ಯಾಲಯವನ್ನು ನಡೆಸಿದರು. ಮಕ್ಕಳೊಡನೆ ಇದ್ದು, ಅವರೊಡನೆ ಉಂಡು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು. ಇದು ಅವರ ಕೊನೆಯ ನೆಲೆಯೆಂದು ನೋಡಿದವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಆದರೆ ಸಂಸ್ಥಾನದ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ೮೨ ಸಾವಿರ ಚದರ ಮೈಲಿಯ ಆ ಸಂಸ್ಥಾನದಲ್ಲಿ ೧೯೪೧ರ ಗಣತಿಯಂತೆ ಸುಮಾರು ೧ ಕೋಟಿ ೬೩ ಲಕ್ಷ ಜನ. ಅವರಲ್ಲಿ ಬಹುಪಾಲು ತೆಲುಗು, ಮರಾಠಿ, ಕನ್ನಡ ಮಾತನಾಡುವವರು. ಕಚೇರಿಯ ಭಾಷೆಯೂ ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆಯೂ ಉರ್ದು. ಉರ್ದುವಿನ ಸೊಬಗನ್ನು ನಾವು ಕಡಿಮೆಯೆನ್ನುವುದಿಲ್ಲ. ಈ ಊರಿನಲ್ಲಿದ್ದು ಹಾಗೆ ಯಾರು ಅನ್ನಬಲ್ಲರು? ಆದರೆ ತನ್ನ ಮಾತನ್ನು ಆಡಿದರೆ ನಗುವ ಸಭೆಯಲ್ಲಿ ತರುಣನ ಎದೆ ಕುಗ್ಗುತ್ತದೆ. ೧೯೨೧ರಲ್ಲಿ ಇದೇ ಊರಿನ ವಿವೇಕವರ್ಧಿನಿಯಲ್ಲಿ ನಡೆದ ಸಮಾಜ ಸುಧಾರಣಾ ಸಮ್ಮೇಳನದಲ್ಲಿ ತೆಲುಗಿನಲ್ಲಿ ಮಾತನಾಡಲೆದ್ದ ವಕೀಲರೊಬ್ಬರನ್ನು ಸಭಿಕರು ಕೂಗಿ ಕೂರಿಸಿದರು. ಆ ರಾತ್ರಿಯೇ ಆಂಧ್ರ ಜನಸಂಘದ ಬೀಜ ಬಿದ್ದಿತು. ಅದರಂತೆ ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತುಗಳು ಹುಟ್ಟಿದವು. ಸಭೆ ಸೇರಬೇಕಾದರೆ ಮುಂದಾಗಿ ಅಪ್ಪಣೆ ಬೇಕೆಂಬ ೫೩ನೆಯ ನಂಬರಿನ ಗಷ್ಟಿಯೊಂದು, ಎಂದರೆ ಸರಕಾರಿ ಸುತ್ತೋಲೆ, ಎಲ್ಲರ ಬಾಯಿಗೆ ಬೀಗ ಹಾಕಿತ್ತು.

ಶಾಲೆಯ ಗೋಡೆಯೊಳಗೆ ಹುಡುಗರಿಗೆ ಧೈರ್ಯ ಕಲಿಸಿ, ಗೋಡೆಯ ಹೊರಗೆ ನಾಲ್ಕು ಜನ ಕೂಡುವುದಕ್ಕೂ ಅಪ್ಪಣೆ ಬೇಡುವಂತಿದ್ದರೆ, ಆ ಪಾಠದ ಅರ್ಥವೇನು? ಈ ಪ್ರಶ್ನೆಯು ಅವರನ್ನು ಕಾಡಿರಬೇಕೆಂದು ನಾವು ಊಹಿಸುತ್ತೇವೆ. ೧೯೩೮ರಲ್ಲಿ ಶಾಲೆಯನ್ನು ಬಿಟ್ಟು ಹೈದರಾಬಾದಿಗೆ ಬಂದರು. ಆಗ ಅವರಿಗೆ ಮೂವತ್ತೈದು ವರ್ಷ. ಪ್ರತಿಜ್ಞೆ ಮಾಡಿದಂದಿನಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ ಸಂದು ಹತ್ತೊಂಬತ್ತನೆಯದು ನಡೆದಿದ್ದಿತು. ಗಿರಣಿಯ ಊರು, ರಾಷ್ಟ್ರೀಯ ವಿದ್ಯಾಪೀಠ, ಕಾರ್ಮಿಕ ಸಂಘ, ಹಳ್ಳಿಯ ಶಾಲೆ, ಸಂನ್ಯಾಸ, ಇನ್ನೊಂದು ಶಾಲೆ. ದೂರದಿಂದ ನೋಡಿದವನು ಈ ಮನುಷ್ಯನಿಗೆ ಒಂದು ಕಡೆ ಕಾಲು ನಿಲ್ಲದು ಎನ್ನುತ್ತಿದ್ದ. ನಮ್ಮ ಊರಿನ ಬೀದಿಗಳಲ್ಲಿ ಇಂದು ಕೋಚಿಂಗ್ ಕಾಲೇಜುಗಳ ದೊಡ್ಡ ದೊಡ್ಡ ಹಲಗೆಗಳಿವೆ. ಅವುಗಳ ಮೇಲೆ ಹದಿನೇಳರ ಹುಡುಗರ ಮುಖ, ಪಕ್ಕದಲ್ಲಿ ರ್‍ಯಾಂಕಿನ ಸಂಖ್ಯೆ. ಆ ವಯಸ್ಸಿಗೆ ಎಲ್ಲವೂ ನಿಶ್ಚಯವಾಗಿರಬೇಕೆಂಬುದು ಈ ಊರಿನ ಕಟ್ಟಳೆ. ನಾವೂ ನಮ್ಮ ತಮ್ಮನನ್ನು ಹಾಗೆಯೇ ಒಂದು ಕೋಚಿಂಗಿಗೆ ನೂಕಿದೆವು. ಅವನು ಎರಡು ವರ್ಷ ಕುಳಿತು, ಮೂರನೆಯ ವರ್ಷ ಎದ್ದು ಬಂದು, ಈಗ ಬೇರೆಯೇ ಕೆಲಸ ಮಾಡಿಕೊಂಡು ಸುಖವಾಗಿದ್ದಾನೆ. ಆ ಎರಡು ವರ್ಷ ಅವನು ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ತಪ್ಪು ನಮ್ಮದೇ.

ಹೈದರಾಬಾದಿಗೆ ಬಂದ ಮೇಲೆ ತಡವಾಗಲಿಲ್ಲ. ಸ್ಟೇಟ್ ಕಾಂಗ್ರೆಸ್ಸು ಇನ್ನೂ ಕಟ್ಟಿ ಮುಗಿಯುವ ಮುನ್ನವೇ, ೧೯೩೮ರ ಸೆಪ್ಟೆಂಬರಿನಲ್ಲಿ, ಸರಕಾರವು ಅದನ್ನು ನಿಷೇಧಿಸಿತು. ಅಕ್ಟೋಬರ್ ೨೪ರಂದು ಮೊದಲ ತಂಡ ಸತ್ಯಾಗ್ರಹ ಮಾಡಿತು. ಆ ತಂಡದ ಹೆಸರುಗಳನ್ನು ನೋಡಿರಿ: ಗೋವಿಂದರಾವ ನಾನಲ, ರಾಮಕೃಷ್ಣ ಧೂತ, ರಾವಿ ನಾರಾಯಣ ರೆಡ್ಡಿ, ಜನಾರ್ದನರಾವ ದೇಸಾಯಿ, ಶ್ರೀನಿವಾಸರಾವ ಬೋರೀಕರ. ಸಂಸ್ಥಾನದ ಬೇರೆ ಬೇರೆ ಭಾಷೆಗಳವರು ಒಂದೇ ತಂಡದಲ್ಲಿ. (ಇವರಲ್ಲಿ ರಾವಿ ನಾರಾಯಣ ರೆಡ್ಡಿಯವರು ಮುಂದೆ ಕಮ್ಯುನಿಸ್ಟರಾಗಿ, ೧೯೫೨ರ ಚುನಾವಣೆಯಲ್ಲಿ ನಲಗೊಂಡದಿಂದ ನೆಹರೂರವರಿಗಿಂತ ಹೆಚ್ಚು ಮತ ಪಡೆದವರು.) ಮುಂದಿನ ತಂಡಗಳೊಡನೆ ಸ್ವಾಮೀಜಿಯವರೂ ಜೈಲಿಗೆ ಹೋದರು. ಅದೇ ಚಳಿಗಾಲದಲ್ಲಿ ಉಸ್ಮಾನಿಯಾದ ಹಾಸ್ಟೆಲುಗಳಲ್ಲಿ ವಂದೇಮಾತರಂ ಹಾಡಬಾರದೆಂದು ಆಜ್ಞೆಯಾಯಿತು. ಹುಡುಗರು ಹಾಡಿದರು, ನೂರಾರು ಮಂದಿಯನ್ನು ಹೊರಹಾಕಿದರು. ಆ ಚಳವಳಿ ಗುಲಬರ್ಗಾದ ವಿದ್ಯಾರ್ಥಿಗಳಿಗೂ ಹಬ್ಬಿತು. ಹೊರಬಿದ್ದವರಿಗೆ ನಾಗಪುರ ವಿಶ್ವವಿದ್ಯಾಲಯವು ಬಾಗಿಲು ತೆರೆಯಿತು. ಹಾಗೆ ವರಂಗಲ್ಲಿನಿಂದ ನಾಗಪುರಕ್ಕೆ ಹೋದ ಹುಡುಗನೊಬ್ಬನು ಮುಂದೆ ಸ್ವಾಮೀಜಿಯವರ ಶಿಷ್ಯನಾಗಿ, ೧೯೯೧ರಲ್ಲಿ ಭಾರತದ ಪ್ರಧಾನಿಯಾದನು. ಪಿ. ವಿ. ನರಸಿಂಹರಾಯರೆಂದರೆ ಎಲ್ಲರಿಗೂ ಗೊತ್ತು.

ಇನ್ನು ಮುಂದಿನ ಹತ್ತು ವರ್ಷಗಳನ್ನು ಬೇಗ ದಾಟುತ್ತೇವೆ. ೧೯೪೦ರಲ್ಲಿ ಗಾಂಧೀಜಿಯವರ ಅನುಮತಿಯಿಂದ ವೈಯಕ್ತಿಕ ಸತ್ಯಾಗ್ರಹ, ಮತ್ತೆ ಜೈಲು. ೧೯೪೨ರ ಆಗಸ್ಟಿನಲ್ಲಿ ಮುಂಬಯಿಯ ಅಧಿವೇಶನದಿಂದ ಹಿಂದಿರುಗಿದೊಡನೆ ಮತ್ತೆ ಜೈಲು. ೧೯೪೬ರಲ್ಲಿ ನಿಷೇಧ ತೆಗೆದರು. ಸ್ವಾಮೀಜಿಯವರು ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ೧೯೪೭ರ ಜೂನಿನಲ್ಲಿ, ನಿಜಾಮರು ಸ್ವತಂತ್ರರಾಗಿ ಉಳಿಯುವುದಾಗಿ ಸಾರಿದ ಕೆಲವೇ ದಿನಗಳಲ್ಲಿ, ಮುಶೀರಾಬಾದಿನ ಬಯಲಿನಲ್ಲಿ ಬಹಿರಂಗ ಅಧಿವೇಶನ ಸೇರಿ, ಸಂಸ್ಥಾನವು ಭಾರತಕ್ಕೆ ಸೇರಲೇಬೇಕೆಂದು ಘೋಷಿಸಿದರು. ಆಗಸ್ಟ್ ೭ರಂದು ಭಾರತ ಸೇರ್ಪಡೆಯ ದಿನಾಚರಣೆ. ೧೫ರ ಬೆಳಕು ಹರಿಯುವ ಮೊದಲೇ ಸ್ವಾಮೀಜಿಯವರ ಬಂಧನ. ದೇಶವೆಲ್ಲ ದೀಪ ಹಚ್ಚಿದ ದಿನವನ್ನು ಅವರು ಕತ್ತಲೆಯ ಕೋಣೆಯಲ್ಲಿ ಕಳೆದರು. ನಡುವೆ ಸ್ವಲ್ಪ ಕಾಲ ಬಿಡುಗಡೆ, ೧೯೪೮ರ ಜನವರಿಯಲ್ಲಿ ಪುನಃ ಬಂಧನ. ಹೊರಗೆ ರಜಾಕಾರರ ಹಾವಳಿ. ಮುಂಡರಗಿ, ಗಜೇಂದ್ರಗಡದಂಥ ಗಡಿಯ ಶಿಬಿರಗಳಲ್ಲಿ ನಮ್ಮ ಕನ್ನಡ ಜಿಲ್ಲೆಗಳ ತರುಣರು ಶಾಲೆ ಹೊಲ ಬಿಟ್ಟು ಬಂದು ಕುಳಿತರು. ಆಳವಂಡಿಯ ಶಿವಮೂರ್ತಿಸ್ವಾಮಿಗಳು, ಸರದಾರ ಶರಣಗೌಡ ಇನಾಮದಾರರು ಅವರ ಮುಂದಾಳುಗಳು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯ ಹೊರಟು ೧೭ರಂದು ನಿಜಾಮರು ಶರಣಾದರು. ಆಗ ಸ್ವಾಮೀಜಿಯವರಿಗೆ ಬಿಡುಗಡೆಯಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅವರು ಎಲ್ಲರಿಗೂ ಬೇಕಾದವರಾಗಿ ಉಳಿಯುತ್ತಿದ್ದರು. ಆದರೆ ಅವರು ಇನ್ನೊಂದು ತಗಾದೆಯನ್ನು ಕೈಕೊಂಡರು. ನಿಜಾಮರ ರಾಜ್ಯ ಹೋದರೂ ಹೈದರಾಬಾದ ರಾಜ್ಯ ಹಾಗೆಯೇ ಉಳಿದಿತ್ತು. ಅದನ್ನು ಒಡೆಯಬೇಕು, ತೆಲುಗು, ಮರಾಠಿ, ಕನ್ನಡ ಭಾಗಗಳು ತಮ್ಮ ತಮ್ಮ ನಾಡುಗಳಿಗೆ ಸೇರಬೇಕು ಎಂಬುದು ಅವರ ಪಕ್ಷ. ನೆಹರೂರವರಿಗೆ ಇದು ಮೊದಲು ಒಪ್ಪಿಗೆಯಿರಲಿಲ್ಲ. ನಾಲ್ಕು ಭಾಷೆಗಳು ಕೂಡಿ ಬಾಳಿದ ಈ ಊರಿನ ಸಂಸ್ಕೃತಿಯು ಹಾಳಾಗುವುದೆಂಬ ಅಳುಕು ಅವರಿಗಿದ್ದಿತು. ಆ ಅಳುಕಿನಲ್ಲಿ ಹುರುಳಿರಲಿಲ್ಲವೆಂದು ಈ ಊರಿನಲ್ಲಿ ಕನ್ನಡ ಓದುವ ಮಕ್ಕಳನ್ನು ಎಣಿಸುವ ನಾವು ಹೇಳಲಾರೆವು. ಒಂದೇ ಸೂರಿನಡಿ ಬಾಳಿದ ಅಣ್ಣತಮ್ಮಂದಿರ ಪಾಲು ಮಾಡುವಾಗ ನಡುಮನೆಯಲ್ಲಿ ಉಳಿದವನ ಗತಿ ನಮ್ಮದಾಯಿತು. ಆದರೆ ರಾಯಚೂರಿನ ಹಳ್ಳಿಯ ರೈತನಿಗೆ ತನ್ನ ಹೊಲದ ಕಾಗದವನ್ನು ತಾನೇ ಓದುವ ಕಾಲ ಬಂದಿತಲ್ಲ, ಅದೂ ಈ ಪಾಲಿನಿಂದಲೇ. ಎರಡನ್ನೂ ತೂಗಿ ನೋಡಿದರೆ ಸ್ವಾಮೀಜಿಯವರೇ ಸರಿ ಎಂದು ನಮಗೆ ತೋರುತ್ತದೆ. ನಮ್ಮ ಮಟ್ಟಿಗೆ ಅದು ನಷ್ಟದ ವ್ಯವಹಾರವಾದರೂ.

೧೯೫೨ರ ಮೊದಲ ಲೋಕಸಭೆಗೆ ಅವರನ್ನು ಆರಿಸಿ ಕಳಿಸಿದ್ದು ಗುಲಬರ್ಗಾ. ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರಲ್ಲಿ ಕನ್ನಡ ಜಿಲ್ಲೆಗಳನ್ನು ಕರ್ನಾಟಕಕ್ಕೆ ಸೇರಿಸಲು ಸಲಹೆ ಮಾಡಿತು. ತೆಲಂಗಾಣವನ್ನು ಸದ್ಯಕ್ಕೆ ಪ್ರತ್ಯೇಕವಾಗಿಡಬೇಕೆಂದೂ ಹೇಳಿತ್ತು. ಸ್ವಾಮೀಜಿಯವರು ವಿಶಾಲಾಂಧ್ರದ ಪಕ್ಷದಲ್ಲಿದ್ದರು, ಹಾಗೆಯೇ ಆಯಿತು. ೨೦೧೪ರಲ್ಲಿ ಅದು ಮತ್ತೆ ಬೇರೆಯಾದುದನ್ನು ನಾವು ಕಣ್ಣಾರೆ ಕಂಡೆವು. ಎಲ್ಲ ವಿಷಯದಲ್ಲಿಯೂ ಅವರು ಮುಂದಿನದನ್ನು ಕಂಡಿದ್ದರೆಂದು ಹೇಳುವುದು ಭಕ್ತಿಯಾದೀತೇ ಹೊರತು ಚರಿತ್ರೆಯಾಗದು. ಪಕ್ಷದೊಳಗೆ ಬೂರ್ಗುಲ ರಾಮಕೃಷ್ಣರಾಯರ ಗುಂಪಿಗೂ ಅವರ ಗುಂಪಿಗೂ ಬಹುಕಾಲ ಸರಿಬೀಳಲಿಲ್ಲ. ಹಟದ ಮನುಷ್ಯರಿಗೆ ಇದು ತಪ್ಪುವುದಿಲ್ಲ. ಮುಖ್ಯಮಂತ್ರಿಯಾದವರು ಬೂರ್ಗುಲರು. ಸ್ವಾಮೀಜಿಯವರು ಎಂದೂ ಮಂತ್ರಿಯಾಗಲಿಲ್ಲ. ೧೯೫೭ರಲ್ಲಿ ಔರಂಗಾಬಾದಿನಿಂದ ಇನ್ನೊಮ್ಮೆ ಲೋಕಸಭೆಗೆ ಹೋದರು, ಅಲ್ಲಿಗೆ ಮುಗಿಯಿತು.

ಸಂಸ್ಥಾನವನ್ನು ಮೂರಾಗಿ ಒಡೆಯಿರೆಂದವರು ತಾವು ಮಾತ್ರ ಹೈದರಾಬಾದನ್ನು ಬಿಟ್ಟು ಹೋಗಲಿಲ್ಲ. ೧೯೭೨ರ ಜನವರಿ ೨೨ರಂದು ಇಲ್ಲಿಯೇ ತೀರಿಕೊಂಡರು. ಹುಟ್ಟಿದ್ದು ಕನ್ನಡ ನೆಲದಲ್ಲಿ. ಅವರ ಹೆಸರಿನ ವಿಶ್ವವಿದ್ಯಾಲಯ ಮಹಾರಾಷ್ಟ್ರದ ನಾಂದೇಡದಲ್ಲಿ, ೧೯೯೪ರಿಂದ. ಹಳ್ಳಿಯ ತರುಣರಿಗೆ ಕೈಕೆಲಸ ಕಲಿಸುವ ಅವರ ಹೆಸರಿನ ಗ್ರಾಮೀಣ ಸಂಸ್ಥೆ ತೆಲಂಗಾಣದ ಪೋಚಂಪಲ್ಲಿಯ ಬಳಿ. ನಾವು ಕೇಳಿದ ರಾಜ್ಯೋತ್ಸವದ ಭಾಷಣಗಳಲ್ಲಿ ಮಾತ್ರ ಅವರ ಹೆಸರು ಬಂದುದು ನೆನಪಿಲ್ಲ. ಮೂರು ನಾಡಿನವರು ತಮ್ಮವರೆನ್ನಬಹುದಾದವರನ್ನು ಯಾರಾದರೊಬ್ಬರು ಮರೆಯುವುದು ಸಹಜವೋ ಏನೋ. ಮರೆತವರು ನಾವೇ ಆಗಬೇಕಾಗಿರಲಿಲ್ಲ.

ಕಳೆದ ಸೆಪ್ಟೆಂಬರ್ ೧೭ರಂದು ಸಂಘದ ಹತ್ತಾರು ಮಂದಿ ಬೇಗಂಪೇಟೆಗೆ ಹೋಗಿ ಬಂದೆವು. ಆ ಹುಡುಗನೂ ತಾಯಿಯೊಡನೆ ಬಂದಿದ್ದ. ಸಮಾಧಿಯ ಬಳಿ ನಾವು ಈ ಕಥೆಯನ್ನೆಲ್ಲ ಹೇಳಿದೆವು. ಬಿಸಿಲು ಜ್ವರದಂತೆ ಸುಡುತ್ತಿದ್ದುದರಿಂದ ಅರ್ಧ ಜನ ನೆರಳಿಗೆ ಸರಿದಿದ್ದರು. ಅವನು ಮಾತ್ರ ನಿಂತು ಕೇಳಿದ. ಆಮೇಲೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, ಮೂವತ್ತೈದಕ್ಕೆ ತನಗೆ ಇನ್ನೂ ಹದಿನೆಂಟು ವರ್ಷ ಸಮಯವಿದೆಯೆಂದು ತಾಯಿಗೆ ಹೇಳಿ ನಕ್ಕ. ಅವರು ನಗಲಿಲ್ಲ, ಪರೀಕ್ಷೆಗೆ ಇನ್ನೆಷ್ಟು ತಿಂಗಳು ಉಳಿದಿವೆಯೆಂದು ನಮ್ಮನ್ನು ಕೇಳಿದರು. ಎಂಟು ತಿಂಗಳು ಎಂದೆವು. ಹುಡುಗ ಅಷ್ಟರಲ್ಲಿ ಸಿಂದಗಿಗೆ ಇಲ್ಲಿಂದ ನೇರ ಬಸ್ಸು ಇದೆಯೇ ಎಂದು ಫೋನಿನಲ್ಲಿ ಹುಡುಕುತ್ತಿದ್ದ.